ನೂರಾ ಐವತ್ತೆರಡು ಮೆಟ್ಟಿಲು

ಬೆಳಿಗ್ಗೆ ಏಳೂವರೆಗೆ ಎದ್ದು ನೋಡಿದರೆ ಡ್ರೋನಿನ ಬಾಲ ಕಾಣೆಯಾಗಿತ್ತು.

ಹಿಂದಿನ ದಿನ ಸಂಜೆ ಇತ್ತು. ಜೂನಿಯರ್ ಅದನ್ನು ತನ್ನ ಕೈಯಾರೆ ಊಟದ ಮೇಜಿನ ಮೇಲೆ ಅಂಟು ಒಣಗಲೆಂದು ಇಟ್ಟು, ಯಾರೂ ಮುಟ್ಟಬೇಡಿ ಎಂದು ಮನೆಗೆಲ್ಲ ಕೇಳುವಂತೆ ಎರಡು ಸಲ ಹೇಳಿದ್ದ. ಈಗ ಮೇಜಿನ ಮೇಲೆ ಮಿಕ್ಕ ಮೈಯೆಲ್ಲ ಇದೆ. ಹಳೆಯ ಟಿ.ವಿ. ಆಂಟೆನಾದ ಅಲ್ಯೂಮಿನಿಯಂ ಕೊಳವೆ ಕತ್ತರಿಸಿ ಮಾಡಿದ ಎರಡು ಮುಂಗೈಗಳಿವೆ, ಪ್ಲೈವುಡ್ಡಿನ ಹೊಟ್ಟೆ ಇದೆ, ಹಿಂದಕ್ಕೆ ಚಾಚಿದ ಬೆನ್ನುಕೋಲೂ ಇದೆ. ಕೋಲಿನ ತುದಿ ಮಾತ್ರ ಬೋಳು.

"ಅತ್ತೇ, ಇಲ್ಲಿ ಎರಡು ಹಲಗೆ ಓರೆಯಾಗಿ ಜೋಡಿಸಿದ್ದು ಒಂದಿತ್ತಲ್ಲ, ನೋಡಿದ್ರಾ?"

"ಅದಾ ಅಳಿಯಂದ್ರೇ? ಹಾಲಿನ ಪಾತ್ರೆ ಇಡೋಕೆ ತಗೊಂಡೆ. ಗುಂಡು ತಳದ ಪಾತ್ರೆ, ಎಲ್ಲಿಟ್ಟರೂ ವಾಲ್ತಿತ್ತು. ಇದರ ಮೇಲೆ ಎಷ್ಟು ಚೆನ್ನಾಗಿ ಕೂತ್ಕೊಳ್ತು ಗೊತ್ತಾ! ಇಷ್ಟು ದಿನಕ್ಕೆ ನೀವು ಮನೆಗೆ ಉಪಯೋಗ ಆಗೋ ಅಂಥದ್ದು ಒಂದು ಮಾಡಿದ್ರಿ."

ಜೂನಿಯರ್ ಅಡುಗೆಮನೆಗೆ ಓಡಿದ. ಕುದಿಯುವ ಹಾಲಿನ ಪಾತ್ರೆಯ ಶಾಖಕ್ಕೆ ಅಂಟು ಕರಗಿ, ಹಲಗೆಗಳು ಬಿರಿದು, ಬಾಲ ಕಟ್ಟೆಯ ಮೇಲೆ ಕೈಕಾಲು ಬಿಟ್ಟು ಮಲಗಿತ್ತು. ಅದನ್ನು ಕೈಗೆತ್ತಿಕೊಂಡು ಗಡಿಯಾರ ನೋಡಿದ. ಹನ್ನೊಂದು ಗಂಟೆಗೆ ಇನ್ನು ಮೂರೂವರೆ ಗಂಟೆ ಮಾತ್ರ ಇತ್ತು.

ಈ ಮನುಷ್ಯ ನೀರು ಸರಬರಾಜು ಕಚೇರಿಯ ಜೂನಿಯರ್ ಇಂಜಿನಿಯರ್. ವಯಸ್ಸು ನಲವತ್ತನಾಲ್ಕು, ತಲೆ ಮುಂಭಾಗ ಬೋಳಾಗಿತ್ತು, ಆದರೂ ಹುದ್ದೆ ಜೂನಿಯರ್ರೇ ಆಗಿ ಉಳಿದು, ಕೊನೆಗೆ ಅದೇ ಅವನ ಹೆಸರಾಗಿಬಿಟ್ಟಿತ್ತು. ಅವನಿಗೊಂದು ಗುಟ್ಟಿತ್ತು. ಎತ್ತರವೆಂದರೆ ಅವನಿಗೆ ಜೀವ ಬಾಯಿಗೆ ಬರುತ್ತಿತ್ತು. ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತುವವಳು ಹೆಂಡತಿ, ಕೆಳಗೆ ನಿಂತು ಸ್ಟೂಲು ಹಿಡಿದು ಕಣ್ಣು ಮುಚ್ಚಿಕೊಳ್ಳುವವನು ಇವನು.

ಕಚೇರಿಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವ ಸಂದರ್ಭವೂ ಬಂದಿರಲಿಲ್ಲ. ವರ್ಷಕ್ಕೊಮ್ಮೆ ನೀರಿನ ಟ್ಯಾಂಕಿನ ನೆತ್ತಿಗೆ ಹೋಗಿ, ಮುಚ್ಚಳ ಭದ್ರವಾಗಿದೆಯೇ, ಕಾಂಕ್ರೀಟು ಬಿರುಕು ಬಿಟ್ಟಿದೆಯೇ ಎಂದು ನೋಡಿ ವರದಿ ಬರೆಯುವ ಕೆಲಸ ಅಲ್ಲಿಯ ಹಿರಿಯರೊಬ್ಬರದಾಗಿತ್ತು. ಅವರು ನಿವೃತ್ತರಾದರು. ಆ ಕೆಲಸ ಒಂದೊಂದೇ ಮೇಜು ದಾಟಿಕೊಂಡು ಬಂದು ಜೂನಿಯರ್‌ನ ಮೇಜಿನ ಮೇಲೆ ನಿಂತಿತು. ಟ್ಯಾಂಕಿನ ಹೊರಮೈಗೆ ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಏಣಿ, ಮೆಟ್ಟಿಲು ನೂರಾ ಐವತ್ತೆರಡು.

"ಹತ್ತೋದು ಯಾಕೆ ಸಾರ್, ಈ ಕಾಲದಲ್ಲಿ? ನಾನೇ ಒಂದು ಡ್ರೋನ್ ಮಾಡ್ತೀನಿ, ಅದು ಮೇಲೆ ಹೋಗಿ ಫೋಟೋ ತೆಗೀಲಿ" ಎಂದು ಅವನು ದೊಡ್ಡ ಸಾಹೇಬರ ಮುಂದೆ ಹೇಳಿಬಿಟ್ಟಿದ್ದ. ಕಚೇರಿಯಿಂದ ಕೊಳ್ಳಲು ಅರ್ಜಿ ಹಾಕಿದರೆ ಮಂಜೂರಾಗುವ ಹೊತ್ತಿಗೆ ತಾನೂ ನಿವೃತ್ತನಾಗಿರುತ್ತೇನೆಂದು ಅವನಿಗೆ ಗೊತ್ತಿತ್ತು. ಅಲ್ಲಿಂದ ಮೂರು ತಿಂಗಳು ಅವನಿಗೆ ಭಾನುವಾರವೆಂಬುದೇ ಇರಲಿಲ್ಲ. ಟ್ಯಾಂಕಿನ ನೆತ್ತಿಯ ಮೇಲೆ ಗಾಳಿ ಜೋರು, ಅಲ್ಲಿ ಗಟ್ಟಿಯಾಗಿ ನಿಲ್ಲುವಂಥದ್ದು ಬೇಕು ಎಂದು ಓದಿ, ಬರೆದು, ಅಳೆದು, ಕೊನೆಗೆ ಈ ಓರೆ ಬಾಲದ ಆಕಾರಕ್ಕೆ ಬಂದಿದ್ದ. ಮುಂದೆ ಎರಡು ಕೈ ಅಗಲಕ್ಕೆ ಚಾಚಿರುತ್ತವೆ, ಪ್ರೊಪೆಲರ್ ಕ್ಯಾಮೆರಾಕ್ಕೆ ಅಡ್ಡ ಬರುವುದಿಲ್ಲ. ಹಿಂದಿನ ಕೋಲಿನ ತುದಿಗೆ ಎರಡು ಮೋಟರು, ಒಂದು ಎಡಕ್ಕೆ ಓರೆ, ಇನ್ನೊಂದು ಬಲಕ್ಕೆ ಓರೆ, ತೆರೆದಿಟ್ಟ ಪುಸ್ತಕದ ಹಾಗೆ. ಡ್ರೋನಿನ ಮುಖ ಎತ್ತ ತಿರುಗಬೇಕು ಎನ್ನುವುದು ಬಾಲದ ಆ ಎರಡು ಮೋಟರುಗಳ ಜವಾಬ್ದಾರಿ. ಓರೆ ಸರಿಯಾಗಿ ನಲವತ್ತು ಡಿಗ್ರಿ ಇರಬೇಕು.

ಸಾಹೇಬರು ಮೂರು ಸಲ ಗಡುವು ಕೊಟ್ಟಿದ್ದರು. ನಿನ್ನೆ ಕರೆದು, "ನಾಳೆ ಹನ್ನೊಂದಕ್ಕೆ ಟ್ಯಾಂಕಿನ ಹತ್ರ ನಾನೇ ಬರ್ತೀನಿ. ನಿಮ್ಮ ಯಂತ್ರ ಹತ್ತಲಿ, ಇಲ್ಲಾ ನೀವು ಹತ್ತಿ. ಇಬ್ಬರಲ್ಲಿ ಒಬ್ರು ಹತ್ತಿದ್ರೆ ನನಗೆ ಸಾಕು" ಎಂದಿದ್ದರು.

"ರೀ, ನಿಜ ಹೇಳಿಬಿಡಿ ಅವರಿಗೆ" ಎಂದಳು ಹೆಂಡತಿ, ಮುರಿದ ಬಾಲವನ್ನೂ ಗಂಡನ ಮುಖವನ್ನೂ ನೋಡಿ. "ಭಯ ಆಗುತ್ತೆ ಅಂದ್ರೆ ಯಾರೂ ತಿಂದುಹಾಕಲ್ಲ."

"ಇಪ್ಪತ್ತು ವರ್ಷ ಟ್ಯಾಂಕಿನ ಇಲಾಖೆಯಲ್ಲಿದ್ದು ಟ್ಯಾಂಕ್ ಕಂಡ್ರೆ ಭಯ ಅಂತ ಹೇಳ್ಲಾ? ನಾಳೆಯಿಂದ ಜವಾನನೂ ನನ್ನ ನೋಡಿ ನಗ್ತಾನೆ."

"ಹಾಗಾದ್ರೆ ಪಕ್ಕದ ಮನೆಯವರನ್ನ ಕರೀರಿ."

ಪಕ್ಕದ ಮನೆಯವನು ಬಡಗಿ. ಕೆಲಸದಲ್ಲಿ ಅವನ ಕೈ ಹಿಡಿಯುವವರಿಲ್ಲ. ಬಾಯಿ ಹಿಡಿಯುವವರೂ ಇಲ್ಲ. ಮೂರು ತಿಂಗಳಿಂದ ಕಾಂಪೌಂಡಿನ ಮೇಲೆ ಗದ್ದ ಇಟ್ಟು ಈ ಡ್ರೋನಿನ ಕೆಲಸ ನೋಡುತ್ತ, ಪ್ಲೈವುಡ್ಡು ಸರಿಯಿಲ್ಲ, ಅಂಟು ಸರಿಯಿಲ್ಲ, ಗರಗಸ ಹಿಡಿಯುವ ರೀತಿ ಸರಿಯಿಲ್ಲ ಎಂದು ಕೊರೆಯುತ್ತಿದ್ದ. ಈಗ ಕರೆ ಬಂದದ್ದೇ ತಡ, ಗೋಡೆ ಹಾರಿಯೇ ಬಂದ.

"ಇದನ್ನ ಮೊದಲೇ ನನಗೆ ಕೊಟ್ಟಿದ್ರೆ ಹಾಲಿನ ಪಾತ್ರೆ ಅಲ್ಲ ಸಾರ್, ಆನೆ ಕೂತ್ರೂ ಮುರೀತಿರಲಿಲ್ಲ. ಎಷ್ಟು ಡಿಗ್ರಿ ಅಂದ್ರಿ?"

"ನಲವತ್ತು. ಒಂದು ಡಿಗ್ರಿ ಆಚೀಚೆ ಆಗ್ಬಾರ್ದು."

"ನಲವತ್ತು ಅಂದ್ರೆ ನಲವತ್ತು. ಇಡೀ ಡ್ರೋನೇ ಕೊಡಿ, ಮೋಟರೂ ಕೊಡಿ. ನೀವು ಸ್ನಾನ ಮಾಡಿ ತಿಂಡಿ ತಿಂದು ಬನ್ನಿ."

ಜೂನಿಯರ್ ಪಕ್ಕದಲ್ಲೇ ನಿಂತು ಮಾಡಿಸಬೇಕಿತ್ತು. ಆದರೆ ಬ್ಯಾಟರಿ ಚಾರ್ಜಿಗೆ ಹಾಕಬೇಕು, ಕ್ಯಾಮೆರಾದ ಕಾರ್ಡು ಹುಡುಕಬೇಕು, ಆ ಕಾರ್ಡನ್ನು ಅತ್ತೆ ಗುಂಡಿಯೆಂದು ತಿಳಿದು ಹೊಲಿಗೆ ಡಬ್ಬಿಗೆ ಹಾಕಿಟ್ಟಿದ್ದರು, ಅದನ್ನು ಹುಡುಕುವುದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಹತ್ತೂಕಾಲಿಗೆ ಬಡಗಿ ಬಂದಾಗ ಅವನ ಕೈಯಲ್ಲಿ ಡ್ರೋನು ಹಳೆಯ ಪತ್ರಿಕೆಯಲ್ಲಿ ಮೈತುಂಬ ಸುತ್ತಿಕೊಂಡಿತ್ತು.

"ಬಿಚ್ಚಬೇಡಿ. ಪಾಲಿಶ್ ಇನ್ನೂ ಹಸಿ ಇದೆ."

"ಪಾಲಿಶ್ ಯಾಕಪ್ಪ ಹಾಕಿದೆ?"

"ಸಾಹೇಬ್ರು ನೋಡೋ ವಸ್ತು, ಬೋಳಾಗಿ ಕೊಡೋಕೆ ನನಗೆ ಮನಸ್ಸು ಒಪ್ಪಲಿಲ್ಲ. ಸ್ಕ್ರೂನೂ ಹಾಕಿದೀನಿ, ಅಂಟೂ ಹಾಕಿದೀನಿ. ಮೋಟರೂ ಕೂರಿಸಿದೀನಿ, ವೈರೂ ಸಿಕ್ಕಿಸಿದೀನಿ. ಇನ್ನು ಭೂಮಿ ನಡುಗಿದ್ರೂ ಆ ಬಾಲ ಕದಲಲ್ಲ. ಹೊರಡಿ, ನಾನೇ ತೊಡೆ ಮೇಲೆ ಇಟ್ಕೊಂಡು ಹಿಂದೆ ಕೂರ್ತೀನಿ."

ಟ್ಯಾಂಕಿನ ಅಂಗಳಕ್ಕೆ ಸ್ಕೂಟರು ತಲುಪಿದಾಗ ಹನ್ನೊಂದಕ್ಕೆ ಐದು ನಿಮಿಷವಿತ್ತು. ದೊಡ್ಡ ಸಾಹೇಬರು ಕೈಕಟ್ಟಿ ನಿಂತಿದ್ದರು. ಅವರ ಪಕ್ಕದಲ್ಲಿ ಫೈಲು ಎದೆಗವಚಿಕೊಂಡು ಹೆಡ್ ಕ್ಲರ್ಕು. ಟ್ಯಾಂಕಿನ ವಾಲ್ವ್ ತಿರುಗಿಸುವ ಮುದುಕ ಏಣಿಯ ಬುಡದಲ್ಲಿ ಕುಳಿತಿದ್ದ. ಜೂನಿಯರ್ ತಪ್ಪಿಯೂ ಮೇಲಕ್ಕೆ ನೋಡಲಿಲ್ಲ.

ಪತ್ರಿಕೆ ಬಿಚ್ಚಿ ನೆಲಕ್ಕಿಟ್ಟ. ಹೊಸ ಬಾಲ ಮಿರಮಿರ ಮಿಂಚುತ್ತಿತ್ತು, ಪಾಲಿಶಿನ ವಾಸನೆ ಗಮ್ಮೆಂದಿತು. ಸ್ಕ್ರೂ ಅಲ್ಲಾಡಿಸಿ ನೋಡಿದ, ಬಿಗಿಯಾಗಿತ್ತು. ಕೋನ ಅಳೆದ, ಸರಿಯಾಗಿ ನಲವತ್ತು. ಸಾಹೇಬರು ಗಡಿಯಾರ ನೋಡಿಕೊಂಡರು. ಪರೀಕ್ಷೆ ಮಾಡಲು ಸಮಯವಿರಲಿಲ್ಲ. ಜೂನಿಯರ್ ಬ್ಯಾಟರಿ ಜೋಡಿಸಿ, ರಿಮೋಟು ಕತ್ತಿಗೆ ತೂಗುಹಾಕಿಕೊಂಡು, ಅದರ ಎಡದ ಕಡ್ಡಿಯನ್ನು ಮೆಲ್ಲಗೆ ಮೇಲಕ್ಕೆ ತಳ್ಳಿದ.

ಡ್ರೋನು ಮೊಣಕಾಲೆತ್ತರ ಎದ್ದಿತು. ಸೊಂಟದೆತ್ತರ ಎದ್ದಿತು. ಆಮೇಲೆ ಬುಗುರಿಯ ಹಾಗೆ ಗಿರ್ರನೆ ತಿರುಗತೊಡಗಿತು. ಜೂನಿಯರ್ ತಡೆಯಲು ಕಡ್ಡಿಯನ್ನು ಎಡಕ್ಕೆ ತಳ್ಳಿದರೆ ಅದು ಇನ್ನೂ ಜೋರಾಗಿ ಬಲಕ್ಕೆ ತಿರುಗಿತು. ಹಾಗೇ ತಿರುಗುತ್ತ ಸಾಹೇಬರ ಕಡೆಗೇ ಹೊರಟಿತು. ಸಾಹೇಬರು ತಮ್ಮ ಹುದ್ದೆಗೆ ಸಲ್ಲದ ವೇಗದಲ್ಲಿ ವಾಲ್ವಿನ ಕೋಣೆಯ ಹಿಂದೆ ಓಡಿದರು. ಹೆಡ್ ಕ್ಲರ್ಕು ಫೈಲನ್ನು ತಲೆಗೆ ಅಡ್ಡ ಹಿಡಿದು ಅಲ್ಲೇ ಕುಕ್ಕರಿಸಿದರು. ಡ್ರೋನು ಗೋಡೆಗೆ ಬಡಿದು ಕೆಳಗೆ ಬಿತ್ತು, ಒಂದು ಪ್ರೊಪೆಲರ್ ಚಟ್ಟೆಂದು ಮುರಿಯಿತು.

"ಏನ್ರೀ ಇದು? ಮೇಲಕ್ಕೆ ಹೋಗೋ ಯಂತ್ರಾನಾ, ನಮ್ಮನ್ನ ಅಟ್ಟಿಸ್ಕೊಂಡು ಬರೋ ಯಂತ್ರಾನಾ?" ಸಾಹೇಬರು ಗೋಡೆಯ ಹಿಂದಿನಿಂದಲೇ ಕೂಗಿದರು. "ಹನ್ನೊಂದೂವರೆಗೆ ನನಗೆ ಮೀಟಿಂಗಿದೆ. ಹತ್ತು ನಿಮಿಷ ಕೊಡ್ತೀನಿ. ಆಮೇಲೆ ಸುಮ್ಮನೆ ಹತ್ತಿ."

"ಹತ್ತಿಬಿಡಿ ಸಾರ್" ಎಂದ ಮುದುಕ ಅನುನಯದಿಂದ. "ತೊಂಬತ್ತನೇ ಮೆಟ್ಟಿಲವರೆಗೆ ಏನೂ ಕಷ್ಟ ಇಲ್ಲ."

"ಆಮೇಲೆ?"

"ಆಮೇಲೆ ಎರಡು ಮೆಟ್ಟಿಲು ಇಲ್ಲ. ಕಾಲು ಉದ್ದಕ್ಕೆ ಚಾಚಬೇಕು."

ಜೂನಿಯರ್‌ ಏಣಿಗೆ ಬೆನ್ನು ತಿರುಗಿಸಿದ. ನೆಲದ ಮೇಲೆ ಹೊಟ್ಟೆಯಡಿಯಾಗಿ ಮಲಗಿ ಡ್ರೋನನ್ನು ಹಿಂದಿನಿಂದ ದಿಟ್ಟಿಸಿದ. ಕೊಳವೆ ಡೊಂಕಾಗಿರಲಿಲ್ಲ, ವೈರು ಕಿತ್ತಿರಲಿಲ್ಲ, ಬಾಲ ಗಟ್ಟಿಯಾಗಿತ್ತು. ಬಡಗಿ ಪಕ್ಕದಲ್ಲಿ ಕುಳಿತು ಬಾಲದ ಮೇಲೆ ಬಿದ್ದ ಧೂಳನ್ನು ಪ್ರೀತಿಯಿಂದ ಒರೆಸುತ್ತ, "ಗೋಡೆಗೆ ಹೊಡೆದ್ರೂ ಒಂದು ಗೀರು ಬಿದ್ದಿಲ್ಲ ನೋಡಿ" ಎಂದ. ಅವನ ಕೈಯಲ್ಲಿದ್ದ ಒರೆಸುವ ಬಟ್ಟೆ ಬಾಲದ ನಡುವಿನಿಂದ ಎಡಕ್ಕೆ ಇಳಿಯಿತು, ನಡುವಿನಿಂದ ಬಲಕ್ಕೆ ಇಳಿಯಿತು. ಎರಡೂ ಕಡೆ ಇಳಿಯಿತು. ಜೂನಿಯರ್‌ಗೆ ಆಗ ಹೊಳೆಯಿತು.

"ಏನಯ್ಯಾ, ಇದನ್ನ ಕವುಚಿ ಕೂರಿಸಿದೀಯಲ್ಲ! ಮೇಲಕ್ಕೆ ತೆರೆದಿರಬೇಕಿತ್ತು. ನೀನು ಮನೆ ಸೂರಿನ ಥರ ಕೆಳಕ್ಕೆ ಇಳಿಸಿದೀಯ!"

"ಮತ್ತೆ? ನೀವು ಮಾಡಿದ್ದು ನೋಡಿದ್ರೆ ಮೇಲಕ್ಕೆ ತೆರೆದಿತ್ತು. ಮಳೆ ಬಂದ್ರೆ ನೀರು ಎಲ್ಲಿಗೆ ಹೋಗ್ಬೇಕು? ನಡುವೆ ನಿಂತು ಮರ ಕೊಳೀತಿತ್ತು. ಇಂಜಿನಿಯರ್ ಆದೋರು ಇಂಥ ತಪ್ಪು ಮಾಡ್ತಾರಾ ಅಂತ ಬೇಜಾರಾಯ್ತು. ನಿಮಗೆ ಹೇಳಿದ್ರೆ ಮುಜುಗರ ಅಂತ ನಾನೇ ಸರಿ ಮಾಡ್ದೆ."

ಮೂವತ್ತು ವರ್ಷ ಬಾಗಿಲು, ಕಿಟಕಿ, ಸೂರು ಮಾಡಿದ ಮನುಷ್ಯ. ನಲವತ್ತು ಡಿಗ್ರಿ ಓರೆ ಕಂಡರೆ ಅವನ ಕೈಗೆ ನೀರು ಹರಿದುಹೋಗುವುದೊಂದೇ ನೆನಪಾಗುತ್ತದೆ. ಬಯ್ಯಲು ಜೂನಿಯರ್‌ಗೆ ಪುರುಸೊತ್ತಿರಲಿಲ್ಲ. ಬಾಲ ತಲೆಕೆಳಗಾದ್ದರಿಂದ ಬಲಕ್ಕೆ ಎಳೆಯಬೇಕಾದ ಎಡದ ಮೋಟರು ಎಡಕ್ಕೆ ಎಳೆಯುತ್ತಿದೆ, ಎಡಕ್ಕೆ ಎಳೆಯಬೇಕಾದ ಬಲದ್ದು ಬಲಕ್ಕೆ. ಡ್ರೋನು ತಿರುಗುವುದನ್ನು ತಡೆಯಲು ಹೋದಷ್ಟೂ ಇನ್ನಷ್ಟು ತಿರುಗುತ್ತದೆ. ಬಾಲ ಕಿತ್ತು ಹಾಕೋಣವೆಂದರೆ ಬಡಗಿಯ ಅಂಟು, ಕದಲುವ ಮಾತೇ ಇಲ್ಲ.

"ಆರು ನಿಮಿಷ" ಎಂದರು ಸಾಹೇಬರು.

ಬಾಲವನ್ನು ಬದಲಿಸಲಾಗದಿದ್ದರೆ ಬಾಲಕ್ಕೆ ಬರುವ ಮಾತನ್ನು ಬದಲಿಸಬೇಕು. ಎಡದ ಮೋಟರಿಗೆ ಹೋಗುವ ಆಜ್ಞೆ ಬಲಕ್ಕೆ ಹೋಗಲಿ, ಬಲದ್ದು ಎಡಕ್ಕೆ ಹೋಗಲಿ. ಹೊಟ್ಟೆಯ ಹಲಗೆಯ ಕೆಳಗೆ ಎರಡು ಸಣ್ಣ ವೈರುಗಳನ್ನು ಕಿತ್ತು ಅದಲುಬದಲು ಸಿಕ್ಕಿಸಿದರೆ ಆಯಿತು. ಮಾತಿಗೆ ಸುಲಭ. ಬೆರಳಿಗೆ ಅಕ್ಕಿಕಾಳಿನಷ್ಟು ದೊಡ್ಡ ಪಿನ್ನು ಸಿಗಬೇಕಲ್ಲ. ಮೊದಲನೆಯದು ಕೂತಿತು. ಎರಡನೆಯದು ಜಾರಿತು, ಮತ್ತೆ ಜಾರಿತು. ಬಡಗಿ ಕೈ ನೀಡಲು ಬಂದ. "ಮುಟ್ಟಬೇಡ!" ಎಂದು ಜೂನಿಯರ್ ಅರಚಿದ ರಭಸಕ್ಕೆ ಸಾಹೇಬರೂ ಒಂದು ಹೆಜ್ಜೆ ಹಿಂದೆ ಸರಿದರು. ಮೂರನೆಯ ಸಲಕ್ಕೆ ಪಿನ್ನು ಕೂತಿತು. ಮುರಿದ ಪ್ರೊಪೆಲರ್ ಬದಲಿಸಿದ. ಬಡಗಿ ಮೋಟರುಗಳನ್ನು ಒತ್ತಾಗಿ ಕೂರಿಸಿದ್ದರಿಂದ ಬಾಲದ ಎರಡು ಪ್ರೊಪೆಲರುಗಳು ಹತ್ತಿರ ಬಂದು, ನಡುವೆ ಒಂದು ಬೆರಳಿನ ಸಂದು ಮಾತ್ರ ಉಳಿದಿತ್ತು. ತಗುಲಿದರೆ ಕತೆ ಮುಗಿಯಿತು.

ಮತ್ತೆ ಕಡ್ಡಿ ತಳ್ಳಿದ. ಸೊಂಟದೆತ್ತರ. ತಿರುಗಲಿಲ್ಲ. ಎಡಕ್ಕೆಂದರೆ ಎಡಕ್ಕೆ ನೋಡಿತು, ಬಲಕ್ಕೆಂದರೆ ಬಲಕ್ಕೆ. ಜೂನಿಯರ್ ಉಸಿರು ಬಿಟ್ಟು ಅದನ್ನು ನೇರ ಮೇಲಕ್ಕೆ ಕಳಿಸಿದ.

ರಿಮೋಟಿನ ಮೇಲೆ ಅಂಗೈಯಗಲದ ಪರದೆ. ಅದರಲ್ಲಿ ಏಣಿಯ ಮೆಟ್ಟಿಲುಗಳು ಕೆಳಗಿಳಿಯತೊಡಗಿದವು. ಇಪ್ಪತ್ತು, ನಲವತ್ತು, ತೊಂಬತ್ತು, ಇಲ್ಲದ ಎರಡು ಮೆಟ್ಟಿಲುಗಳ ಖಾಲಿ ಜಾಗ. ನೆತ್ತಿ ತಲುಪುತ್ತಿದ್ದಂತೆ ಗಾಳಿ ಒಂದೇ ಸಮ ನೂಕಿತು, ಚಿತ್ರ ಓಲಾಡಿತು, ಅಂಗಳವೂ ಸ್ಕೂಟರೂ ಇರುವೆಯಷ್ಟು ಚಿಕ್ಕ ಮನುಷ್ಯರೂ ಪಾತಾಳದಲ್ಲಿ ಕಂಡರು. ಆ ಇರುವೆಗಳಲ್ಲೊಂದು ತಾನೇ ಎಂದು ಗೊತ್ತಿದ್ದೂ ಜೂನಿಯರ್‌ಗೆ ತಲೆ ಸುತ್ತಿತು. ನಿಂತ ನೆಲದ ಮೇಲೇ ಕುಸಿದು ಕುಳಿತ.

"ಕೂತ್ಕೊಂಡೇ ನಡೆಸ್ತಾರೆ! ಎಂಥಾ ಹಿಡಿತ ನೋಡಿ" ಎಂದರು ಸಾಹೇಬರು ಮೆಚ್ಚುಗೆಯಿಂದ. "ಮುಚ್ಚಳ ತೋರ್ಸಿ. ಇನ್ನೂ ಹತ್ರ. ಇನ್ನೂ ಸ್ವಲ್ಪ."

ಬ್ಯಾಟರಿ ಕೀಂಕೀಂ ಎನ್ನತೊಡಗಿತು. ಜೂನಿಯರ್ ಹಲ್ಲು ಕಚ್ಚಿ ಡ್ರೋನನ್ನು ಮುಚ್ಚಳಕ್ಕೆ ಒಂದು ಮೊಳದಷ್ಟು ಹತ್ತಿರ ಇಳಿಸಿದ. ಮುಚ್ಚಳ ಭದ್ರ. ಬೀಗ ಇದೆ. ಬಿರುಕಿಲ್ಲ. ಮೂಲೆಯಲ್ಲಿ ಹಿಂದೆ ಹತ್ತಿದ ಹಿರಿಯರದೇ ಇರಬೇಕು, ಒಂಟಿ ಚಪ್ಪಲಿ ಬಿದ್ದಿತ್ತು. ಹನ್ನೆರಡು ಫೋಟೋ ತೆಗೆದು ಇಳಿಸಲು ಹೊರಟ. ಕೀಂಕೀಂ ಒಂದೇ ಉದ್ದನೆಯ ಕೂಗಾಯಿತು. ಕೊನೆಯ ಎರಡಾಳೆತ್ತರದಲ್ಲಿ ಮೋಟರುಗಳ ದನಿ ಕುಗ್ಗಿತು. ಡ್ರೋನು ಹುಲ್ಲಿನ ಮೇಲೆ ಧೊಪ್ಪೆಂದು ಕೂತಿತು. ಇಡಿಯಾಗಿಯೇ ಇತ್ತು.

ವಾಲ್ವಿನ ಮುದುಕ ಚಪ್ಪಾಳೆ ತಟ್ಟಿದ. ಸಾಹೇಬರು ಬಂದು ಬೆನ್ನು ತಟ್ಟಿದರು. ಬಡಗಿ ಎಲ್ಲರಿಗೂ ಕೇಳುವಂತೆ, "ಬಾಲ ನನ್ನದು" ಎಂದ. ಜೂನಿಯರ್‌ಗೆ ಅವನನ್ನೂ ತಬ್ಬಿಕೊಳ್ಳುವಷ್ಟು ಖುಷಿಯಾಯಿತು. ಮೂರು ತಿಂಗಳ ಭಾರ ಒಂದೇ ಸಲಕ್ಕೆ ಎದೆಯಿಂದ ಇಳಿದಿತ್ತು. ಕಚೇರಿಗೆ ಹೋಗಿ ವರದಿ ಬರೆದು, ಫೋಟೋಗಳ ಪ್ರತಿ ತೆಗೆಸಿ ಲಗತ್ತಿಸಿ, ಎರಡು ಗಂಟೆಗೆ ಹೆಡ್ ಕ್ಲರ್ಕಿನ ಮೇಜಿಗೆ ಕಳಿಸಿ, ಹೆಂಡತಿಗೆ ಫೋನು ಮಾಡಿ ನಕ್ಕ.

ಮೂರು ಗಂಟೆಗೆ ಫೈಲು ವಾಪಸು ಬಂತು. ಅದರ ಹಿಂದೆಯೇ ಹೆಡ್ ಕ್ಲರ್ಕೂ ಬಂದರು.

"ಎಲ್ಲಾ ಸರಿಯಿದೆ. ಪ್ರತಿ ಫೋಟೋದ ಕೆಳಗೆ ಒಂದು ಸಾಲು ಬಿಟ್ಟಿದೀರಿ. 'ಮೂಲದೊಂದಿಗೆ ಹೋಲಿಸಿ ನೋಡಿದ್ದೇನೆ, ತಾಳೆಯಾಗಿದೆ.' ಬರೆದು ಸಹಿ ಹಾಕಿ. ಲಗತ್ತಿಸಿದ ಯಾವ ಪ್ರತಿಗಾದ್ರೂ ಅದು ಬೇಕೇ ಬೇಕು."

"ಅಷ್ಟೇ ತಾನೆ?" ಜೂನಿಯರ್ ಪೆನ್ನು ತೆಗೆದ. "ಮೂಲ ಕ್ಯಾಮೆರಾದ ಕಾರ್ಡಿನಲ್ಲಿದೆ. ನೋಡಿದೀನಿ."

"ಕಾರ್ಡಿನಲ್ಲಿರೋದೂ ಫೋಟೋನೇ ಅಲ್ವಾ? ಫೋಟೋ ಅಂದ್ರೆ ನಕಲು. ಏನರ ನಕಲು?"

"ಮುಚ್ಚಳದ್ದು."

"ಮುಚ್ಚಳ ಎಲ್ಲಿದೆ?"

ಜೂನಿಯರ್‌ನ ಪೆನ್ನು ನಿಂತಿತು. "ಟ್ಯಾಂಕಿನ ಮೇಲೆ."

"ಹ್ಞಾ, ಅದು ಮೂಲ. ನೀವು ಅದನ್ನ ಕಣ್ಣಾರೆ ನೋಡಿದೀರಾ? ನೋಡದೆ ಸಹಿ ಹಾಕಿದ್ರೆ ಸುಳ್ಳು ದೃಢೀಕರಣ ಆಗುತ್ತೆ. ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಮುಚ್ಚಳ ಬಿಚ್ಚಿ ನನ್ನ ಮೇಜಿಗೆ ತಂದ್ರೂ ಆಗುತ್ತೆ, ನನ್ನದೇನೂ ಹಟ ಇಲ್ಲ."

ಜೂನಿಯರ್ ಎದ್ದು ದೊಡ್ಡ ಸಾಹೇಬರ ಕೋಣೆಗೆ ನುಗ್ಗಿದ. ಇನ್ನು ಗುಟ್ಟು ಇಟ್ಟುಕೊಂಡು ಪ್ರಯೋಜನವಿಲ್ಲ, ಮಾನ ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿ, "ಸಾರ್, ನನಗೆ ಎತ್ತರ ಅಂದ್ರೆ..." ಎನ್ನುವಷ್ಟರಲ್ಲಿ ಸಾಹೇಬರು ಕುರ್ಚಿಯಿಂದ ಎದ್ದೇ ಬಂದರು.

"ಗೊತ್ತು ಗೊತ್ತು, ಎತ್ತರ ಅಂದ್ರೆ ನಿಮಗೆ ಹುಚ್ಚು. ಮೀಟಿಂಗಿನಲ್ಲಿ ಇವತ್ತು ನಿಮ್ಮದೇ ಮಾತು! ಬೇರೆ ವಿಭಾಗದೋರೆಲ್ಲ ನಮ್ಮ ಟ್ಯಾಂಕೂ ನೀವೇ ನೋಡಿಕೊಡಿ ಅಂತ ಗಂಟುಬಿದ್ರು. ಒಪ್ಕೊಂಡುಬಿಟ್ಟೆ. ಊರಿನ ಹನ್ನೊಂದು ಟ್ಯಾಂಕೂ ಇನ್ಮೇಲೆ ನಿಮ್ಮದು. ಆದೇಶ ಟೈಪಾಗ್ತಿದೆ."

"ಸಾರ್, ಪ್ರತಿ ಟ್ಯಾಂಕಿಗೂ ಹೆಡ್ ಕ್ಲರ್ಕು, ಆ ಸಹಿ..."

"ಅವರು ಹೇಳಿದ ಹಾಗೆ ಮಾಡಿ. ಲೆಕ್ಕ ತಪಾಸಣೆಗೆ ಬಂದೋರು ನಿಮ್ಮ ಯಂತ್ರಾನ ಕೇಳಲ್ಲ, ನನ್ನ ಕೇಳ್ತಾರೆ. ಇವತ್ತೇ ಮುಗಿಸಿಬಿಡಿ."

ನಾಲ್ಕೂವರೆಗೆ ಜೂನಿಯರ್ ಮತ್ತೆ ಅದೇ ಅಂಗಳದಲ್ಲಿದ್ದ. ಹನ್ನೆರಡು ಫೋಟೋಗಳನ್ನು ಹೆಡ್ ಕ್ಲರ್ಕು ದಾರದಲ್ಲಿ ಪೋಣಿಸಿ, ಹೋಲಿಸಲು ಅನುಕೂಲವಾಗಲೆಂದು ಅವನ ಕೊರಳಿಗೆ ಹಾಕಿದ್ದರು. ಇಷ್ಟು ಚೆನ್ನಾಗಿ ಡ್ರೋನು ಕಟ್ಟಬಾರದಿತ್ತು, ಬೆಳಿಗ್ಗೆ ಗೋಡೆಗೆ ಬಡಿದಾಗಲೇ ಪುಡಿಪುಡಿಯಾಗಿದ್ದರೆ ಒಂದೇ ಒಂದು ಟ್ಯಾಂಕು ಹತ್ತಿ ಮುಗಿಯುತ್ತಿತ್ತು ಎಂದು ಅವನಿಗೆ ಅಳು ಬರುವಂತಾಯಿತು. ಕೊನೆಗೆ ಜೊತೆಗೆ ಬಂದಿದ್ದ ಹೆಡ್ ಕ್ಲರ್ಕನ್ನು ದನಿ ತಗ್ಗಿಸಿ ಕೇಳಿದ.

"ಅಲ್ಲ ಸಾರ್, ನಾನು ಮೇಲೆ ಹೋಗಿ ಹೋಲಿಸಿ ನೋಡ್ದೆ ಅನ್ನೋದಕ್ಕೆ ಏನು ದಾಖಲೆ? ಹತ್ತು ಮೆಟ್ಟಿಲು ಹತ್ತಿ ಇಳಿದು ಬಂದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ?"

"ನಾನೂ ಅದನ್ನೇ ಯೋಚಿಸ್ದೆ" ಎಂದರು ಹೆಡ್ ಕ್ಲರ್ಕು. "ಅದಕ್ಕೇ ಇವರನ್ನ ಕರೆಸಿದ್ದು."

ಗೇಟಿನಿಂದ ಬಡಗಿ ಬರುತ್ತಿದ್ದ. ಅವನ ಕೊರಳಲ್ಲಿ ರಿಮೋಟು ತೂಗುತ್ತಿತ್ತು, ಕೈಯಲ್ಲಿ ಡ್ರೋನು, ಬಾಲಕ್ಕೆ ಇನ್ನೊಂದು ಕೈ ಪಾಲಿಶ್ ಬಿದ್ದಿತ್ತು. "ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿದಾರೆ ಅತ್ತೆಯೋರು" ಎಂದ ಉತ್ಸಾಹದಿಂದ. "ನೀವು ಹೋಲಿಸಿ ನೋಡೋದನ್ನ ಹತ್ತಿರದಿಂದ ಫೋಟೋ ತೆಗೀಬೇಕಂತೆ. ಹೆದರಬೇಡಿ ಸಾರ್, ಬೆಳಿಗ್ಗೆ ನೀವು ನಡೆಸಿದ್ದು ನೋಡ್ಕೊಂಡಿದೀನಿ. ಎಡದ ಕಡ್ಡಿ ಮೇಲಕ್ಕೆ ತಾನೆ?"

ಜೂನಿಯರ್ ಏಣಿಯ ಸರಳನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡ. ಮುಳುಗುವವನಿಗೆ ಕೊನೆಯ ಒಂದು ಆಸೆ ಉಳಿದಿತ್ತು.

"ಆದ್ರೆ ಅದೂ ಫೋಟೋನೇ ಅಲ್ವಾ ಸಾರ್? ಅದೂ ನಕಲೇ. ಅದನ್ನ ಮೂಲದ ಜೊತೆ ಹೋಲಿಸಿ ಸಹಿ ಹಾಕೋಕೆ ಇನ್ನೊಬ್ಬರು ಹತ್ತಬೇಕಾಗುತ್ತೆ. ಅವರಿಗೆ ಮತ್ತೊಬ್ಬರು. ಇದು ಮುಗಿಯೋ ಕೆಲಸಾನಾ? ಬಿಟ್ಟುಬಿಡೋಣ."

ಹೆಡ್ ಕ್ಲರ್ಕು ವಾಲ್ವಿನ ಮುದುಕ ತಂದುಕೊಟ್ಟ ಸ್ಟೂಲಿನ ಮೇಲೆ ನೆಮ್ಮದಿಯಾಗಿ ಕುಳಿತು, ಕನ್ನಡಕ ಒರೆಸಿ ಹಾಕಿಕೊಂಡರು.

"ಯಾರೂ ಹತ್ತೋದು ಬೇಡ. ಅದಕ್ಕೆ ನಾನೇ ಸಹಿ ಹಾಕ್ತೀನಿ. ಅದರ ಮೂಲ ನೀವು ತಾನೆ? ನೀವು ಇಲ್ಲಿಂದ ಚೆನ್ನಾಗಿ ಕಾಣ್ತೀರಿ. ಹತ್ತಿ."